ಸತ್ಯಾಂಶ: ‘ದಡ್ಡತನದ ಶಿಖರ’ ಮೂಲ ಅಧ್ಯಯನದಲ್ಲಿ ಇಲ್ಲ

ವಾಟ್ಸಾಪ್‌ನಲ್ಲಿ ಒಂದು ಗ್ರಾಫ್ ಓಡಾಡುತ್ತಿದೆ. ಅಲ್ಪಜ್ಞಾನಿಯ ಆತ್ಮವಿಶ್ವಾಸ ‘ದಡ್ಡತನದ ಶಿಖರ’ ಏರಿ, ನಂತರ ಕಣಿವೆಗೆ ಬಿದ್ದು, ಮತ್ತೆ ನಿಧಾನವಾಗಿ ಮೇಲೇರುತ್ತದೆ. ಕೆಳಗೆ ‘ಡನ್ನಿಂಗ್–ಕ್ರುಗರ್ ಪರಿಣಾಮ’ ಎಂಬ ಹೆಸರು. ‘ದಡ್ಡರಿಗೇ ಎಲ್ಲರಿಗಿಂತ ಹೆಚ್ಚು ಆತ್ಮವಿಶ್ವಾಸ, ವಿಜ್ಞಾನ ಸಾಬೀತುಪಡಿಸಿದೆ’ ಎಂಬ ಒಕ್ಕಣೆ ಬೇರೆ.

ಮನೋವಿಜ್ಞಾನಿಗಳಾದ ಡೇವಿಡ್ ಡನ್ನಿಂಗ್ ಮತ್ತು ಜಸ್ಟಿನ್ ಕ್ರುಗರ್ 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಶಿಖರವೂ ಇಲ್ಲ, ಕಣಿವೆಯೂ ಇಲ್ಲ. ಅವರು ಪರೀಕ್ಷಿಸಿದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು. ವಿಷಯ ಹಾಸ್ಯಪ್ರಜ್ಞೆ, ತರ್ಕ, ಇಂಗ್ಲಿಷ್ ವ್ಯಾಕರಣ. ಅಂಕಗಳಲ್ಲಿ ಕೊನೆಯ ಕಾಲುಭಾಗದವರು ಸರಾಸರಿ ನೂರರಲ್ಲಿ 12 ಜನರನ್ನಷ್ಟೇ ಹಿಂದಿಕ್ಕಿದ್ದರು. ತಾವು 62 ಜನರಿಗಿಂತ ಮುಂದಿದ್ದೇವೆ ಎಂದುಕೊಂಡಿದ್ದರು. ಅತಿಯಾದ ಅಂದಾಜು, ನಿಜ. ಆದರೆ ಅತಿ ಹೆಚ್ಚು ಅಂಕ ಪಡೆದವರು ತಮ್ಮ ಬಗ್ಗೆ ಮಾಡಿಕೊಂಡ ಅಂದಾಜಿಗಿಂತ ಇವರ ಅಂದಾಜು ಮೇಲಿರಲಿಲ್ಲ. ಈ ಅಂತರದಲ್ಲಿ ಒಂದಷ್ಟು ಪಾಲು ಬರೀ ಲೆಕ್ಕಾಚಾರದ ಪರಿಣಾಮ ಎಂಬ ಆಕ್ಷೇಪವೂ ಸಂಖ್ಯಾಶಾಸ್ತ್ರ ಬಲ್ಲವರಿಂದ ಬಂದಿದೆ.

ಮುಖ್ಯವಾಗಿ, ಆ ಅಧ್ಯಯನದ್ದು ಬುದ್ಧಿಮಟ್ಟದ ಅಳತೆಯಲ್ಲ, ಒಂದೊಂದು ಕೌಶಲದ ಅಳತೆ. ತರ್ಕದಲ್ಲಿ ಹಿಂದಿರುವವರು ಇನ್ನೊಂದರಲ್ಲಿ ಮುಂದಿರಬಹುದು. ಎದುರಾಳಿಯನ್ನು ಹೀಯಾಳಿಸಲು ಈ ಚಿತ್ರ ಬಳಸುವುದು ಅನ್ಯಾಯ. ಫಾರ್ವರ್ಡ್‌ಗಳು ಬಿಟ್ಟುಬಿಡುವ ಭಾಗವೂ ಅದೇ ಪ್ರಬಂಧದಲ್ಲಿದೆ: ತರ್ಕದ ಸಮಸ್ಯೆ ಬಿಡಿಸುವ ಚಿಕ್ಕ ತರಬೇತಿ ಸಿಕ್ಕ ಮೇಲೆ, ಹಿಂದುಳಿದವರೇ ತಮ್ಮ ತಪ್ಪು ಗುರುತಿಸಿ ಅಂದಾಜನ್ನು ತಗ್ಗಿಸಿಕೊಂಡರು.