ಬುಡದ ಸೊಪ್ಪು

ಭಾಮೈದ ಅಮೆರಿಕಾದಿಂದ ಬಂದಾಗೆಲ್ಲ ಬಾದಾಮಿ, ಚಾಕಲೇಟು ಮಾಮೂಲು. ಈ ಸಲ ಅವನ ಅಕ್ಕ ಅಡುಗೆಮನೆಗೆ ಹೋಗುವುದನ್ನೇ ಕಾದಿದ್ದು, ಸೂಟ್‌ಕೇಸಿನ ಮೂಲೆಯಲ್ಲಿದ್ದ ಕಾಲುಚೀಲದಿಂದ ಮೂರು ಸಿಗಾರು ತೆಗೆದ. ‘ಭಾವ, ಹೊಂಡುರಾಸ್‌ದು. ತುಂಬಾ ಮೈಲ್ಡು. ನಿಮ್ಗೆ ತಲೆ ಸುತ್ತಲ್ಲ’ ಅಂದ. ಹೊಂಡುರಾಸ್ ಅಂದರೆ ಮಧ್ಯ ಅಮೆರಿಕಾದ ಒಂದು ದೇಶ.

ನಾನು ಸೇದುವವನಲ್ಲ. ಕಾಲೇಜಿನಲ್ಲಿ ಎರಡು ವರ್ಷ ಸಿಗರೇಟು ಎಳೆದು ಬಿಟ್ಟವನು. ಆದರೆ ಹುಟ್ಟಿದ್ದು ಹುಣಸೂರಿನ ಪಕ್ಕದ ಹಳ್ಳಿಯಲ್ಲಿ, ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ. ಅಪ್ಪ ಈಗಲೂ ಎರಡು ಎಕರೆ ಹಾಕುತ್ತಾನೆ. ನನ್ನ ಸ್ಕೂಲ್ ಫೀಸು, ಅಕ್ಕನ ಮದುವೆ, ಮನೆಯ ತಾರಸಿ ಎಲ್ಲ ಆ ಸೊಪ್ಪಿನದೇ. ಹಾಗಾಗಿ ಸಿಗಾರನ್ನು ಕೈಗೆ ತೆಗೆದುಕೊಂಡಾಗ ನಾನು ಮೊದಲು ಮಾಡಿದ್ದು ಮೂಸಿ ನೋಡಿದ್ದು. ಎರಡನೆಯದು, ಎಲೆಯನ್ನು ಬೆರಳಲ್ಲಿ ಸವರಿ ನೋಡಿದ್ದು.

ಹೊಸ ಪೆನ್ಸಿಲಿನಷ್ಟು ಉದ್ದ. ಹಾಲು ಜಾಸ್ತಿ ಬಿದ್ದ ಕಾಫಿಯ ಬಣ್ಣ. ಎಲೆಯ ನರ ಕೂಡ ಕಾಣದಷ್ಟು ನುಣುಪು. ಉದ್ದ 7 ಇಂಚು, ದಪ್ಪ 48 ಅಂತ ಭಾಮೈದ ವಿವರಿಸಿದ. 48 ಏನು? ಸಿಗಾರಿನ ದಪ್ಪವನ್ನು ಒಂದಿಂಚಿನ 64 ಭಾಗಗಳಲ್ಲಿ ಅಳೆಯುತ್ತಾರಂತೆ. ಅಂದರೆ ಸರಿಯಾಗಿ ಮುಕ್ಕಾಲು ಇಂಚು. ಮುಕ್ಕಾಲು ಅನ್ನಲಿಕ್ಕೆ ಇಷ್ಟು ಸುತ್ತು ಯಾಕೋ. ಈ ಅಳತೆಯ ಉದ್ದನೆಯ ಸಿಗಾರಿಗೆ ಚರ್ಚಿಲ್ ಅಂತ ಹೆಸರು. ಬ್ರಿಟನ್ನಿನ ಅದೇ ಚರ್ಚಿಲ್. ಆತ 1895ರಲ್ಲಿ ಯುದ್ಧ ನೋಡಲು ಕ್ಯೂಬಾಕ್ಕೆ ಹೋದವನು, ಮರುವರ್ಷ ಬಂದಿಳಿದದ್ದು ನಮ್ಮ ಬೆಂಗಳೂರಿಗೆ, ಎಳೇ ಸೈನ್ಯಾಧಿಕಾರಿಯಾಗಿ. ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಆತ ಕೊಡಬೇಕಾದ 13 ರೂಪಾಯಿ ಇನ್ನೂ ಬಾಕಿ ಇದೆ. ಬಾಕಿ ಉಳಿಸಿಕೊಂಡವನ ಹೆಸರಿನ ಸಿಗಾರು ಮೈಸೂರಿನ ಕುವೆಂಪುನಗರಕ್ಕೆ ಪುಕ್ಕಟೆಯಾಗಿ ಬಂತಲ್ಲ, ವಜಾ ಮಾಡಿಕೊಳ್ಳೋಣ.

ಮೊದಲನೆಯ ಸಿಗಾರನ್ನು ನಾನು ಕೈಯಾರೆ ಹಾಳು ಮಾಡಿದೆ. ಹೆಂಡತಿಗೆ ಕಾಣಬಾರದು ಅಂತ ಬೀರುವಿನಲ್ಲಿ, ಮದುವೆಯ ಕೋಟಿನ ಒಳಜೇಬಿಗೆ ಸೇರಿಸಿದ್ದೆ. ಹದಿನೈದು ದಿನದ ಮೇಲೆ ತೆಗೆದು ಹಚ್ಚಿದರೆ ಬಾಯಿತುಂಬ ನುಸಿಗುಳಿಗೆ! ಹೊಂಡುರಾಸ್‌ನವರು ವರ್ಷಗಟ್ಟಲೆ ಹದ ಮಾಡಿದ್ದನ್ನು ನಮ್ಮ ಬೀರು ಎರಡು ವಾರದಲ್ಲಿ ಮುಗಿಸಿತ್ತು. ಫೋನಿನಲ್ಲಿ ಭಾಮೈದ ನಕ್ಕೂ ನಕ್ಕೂ ಸಾಕಾಗಿ, ‘ಭಾವ, ಅದು ಉಸಿರಾಡೋ ಸಾಮಾನು. ಒಣಗಲೂಬಾರದು, ಬೂಸ್ಟೂ ಹಿಡೀಬಾರದು. ಗಾಳೀಲಿ ಸುಮಾರು 70 ಪರ್ಸೆಂಟ್ ತೇವ ಇರ್ಬೇಕು’ ಅಂದ. ಉಳಿದ ಎರಡನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಅವನು ಕೊಟ್ಟಿದ್ದ ತೇವದ ಪೊಟ್ಟಣವನ್ನೂ ಇಟ್ಟು, ಹೆಂಡತಿಗೆ ಹೇಳಿಯೇಬಿಟ್ಟೆ. ‘ನಂಗೆ ಅವತ್ತೇ ಗೊತ್ತು. ಕಾಲುಚೀಲ ಒಗೆಯೋಕೆ ಹಾಕಿದ್ದು ಯಾರು?’ ಅಂದಳು.

ಆ ಹಾಳಾದ ಸಿಗಾರು ಒಂದು ವಿಷಯ ಕಲಿಸಿತು. ಖಾರದ ಸಿಗಾರಾಗಿದ್ದರೆ ನುಸಿಗುಳಿಗೆಯ ವಾಸನೆಯನ್ನು ಸ್ವಲ್ಪವಾದರೂ ಮುಚ್ಚಿಹಾಕುತ್ತಿತ್ತು. ಮೆದು ಸಿಗಾರಿಗೆ ಬಚ್ಚಿಡುವ ಜಾಗವೇ ಇಲ್ಲ. ನಮ್ಮ ಉಪ್ಸಾರಿನ ಕಥೆಯೂ ಇದೇ. ಮಸಾಲೆ ಸಾರಿನಲ್ಲಿ ಬೇಳೆ ಹಳೆಯದಾದರೂ, ಸೊಪ್ಪು ಬಾಡಿದ್ದರೂ ನಡೆದುಹೋಗುತ್ತದೆ. ಉಪ್ಸಾರಿನಲ್ಲಿ ಇರುವುದು ಬೇಳೆ, ಸೊಪ್ಪು ಬೆಂದ ನೀರು ಮತ್ತು ಉಪ್ಪು. ಖಾರ ತಟ್ಟೆಯ ಬದಿಯಲ್ಲಿ ಬೇರೆ. ಸೊಪ್ಪು ಒಂದು ಚೂರು ಕಹಿ ಇದ್ದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಸಿಗಾರು ಬಲ್ಲವರಲ್ಲಿ ಕೆಲವರು ಮೈಲ್ಡ್ ಅಂದರೆ ಮೂಗು ಮುರಿಯುತ್ತಾರೆ, ಹೊಸಬರಿಗೆ ಅದು, ಕಲಿಯುವವರಿಗೆ ಅದು ಅಂತ. ಅವರು ಉಪ್ಸಾರು ಉಂಡಿಲ್ಲ ಅಷ್ಟೇ.

ಮೆದುವಾಗುವುದಾದರೂ ಹೇಗೆ? ನಮ್ಮ ಹುಣಸೂರಿನ ಸೊಪ್ಪು ಸಿಗರೇಟಿಗೆ ಹೋಗುವ ವರ್ಜೀನಿಯಾ. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ, ಅಂದರೆ ಸೊಪ್ಪು ಬೇಯಿಸುವ ಮನೆಗೆ, ಏರಿಸಿ, ಸೌದೆ ಉರಿ ಕೊಟ್ಟರೆ ಐದಾರು ದಿನಕ್ಕೆ ಹಳದಿಯಾಗಿ ಬೇಯುತ್ತದೆ. ಅಪ್ಪ ರಾತ್ರಿ ಎರಡು ಗಂಟೆಗೆ ಎದ್ದು ಥರ್ಮಾಮೀಟರ್ ನೋಡಿ, ಕಣ್ಣುಜ್ಜಿಕೊಂಡು ಇನ್ನೊಂದು ಕೊರಡು ತಳ್ಳಿ ಬರುತ್ತಿದ್ದದ್ದು ಇನ್ನೂ ಕಣ್ಣಲ್ಲಿದೆ. ಸಿಗಾರಿನ ಸೊಪ್ಪಿಗೆ ಈ ಅವಸರವಿಲ್ಲ. ಅದನ್ನು ಉರಿಯಿಲ್ಲದೆ, ಬರೀ ಗಾಳಿಯಲ್ಲಿ, ಹೆಚ್ಚುಕಡಿಮೆ ಒಂದೂವರೆ ಎರಡು ತಿಂಗಳು ನೇತುಹಾಕುತ್ತಾರೆ. ಆಮೇಲೆ ಆಳೆತ್ತರದ ರಾಶಿ ಹಾಕುತ್ತಾರೆ. ತಿಪ್ಪೆಗುಂಡಿಯೊಳಗೆ ಕೈ ಹಾಕಿದವರಿಗೆ ಗೊತ್ತು, ಒಳಗೆ ಹೇಗೆ ಬಿಸಿ ಏರುತ್ತದೆ ಅಂತ. ರಾಶಿಯಲ್ಲೂ ಹಾಗೇ. ಬಿಸಿ ಜಾಸ್ತಿಯಾದರೆ ರಾಶಿ ಒಡೆದು, ಒಳಗಿನದನ್ನು ಹೊರಗೆ ಹಾಕಿ ಮತ್ತೆ ಕಟ್ಟುತ್ತಾರೆ. ಹೀಗೆ ತಿಂಗಳುಗಟ್ಟಲೆ. ಅಮೋನಿಯಾದ ಘಾಟು, ಕಹಿ, ಒಗರು ಒಂದೊಂದಾಗಿ ಹೊರಗೆ ಹೋಗುತ್ತವೆ. ಮೆದು ಅಂದರೆ ಏನೋ ಕಡಿಮೆ ಹಾಕಿದ್ದು ಅಂದುಕೊಂಡಿದ್ದೆ. ಅಲ್ಲ, ಬೇಡದ್ದನ್ನೆಲ್ಲ ಕಳೆಯುವ ತನಕ ಕಾದದ್ದು.

ಹೊಂಡುರಾಸ್‌ನಲ್ಲಿ ಈ ಕೆಲಸದ ಊರು ಡಾನ್ಲಿ. ನಿಕರಾಗುವಾ ಗಡಿಗೆ ಹತ್ತಿರ. ಪಕ್ಕದಲ್ಲೇ ಹಮಾಸ್ತ್ರಾನ್ ಕಣಿವೆ, ಅಲ್ಲಿಯ ಮಣ್ಣೇ ಸೊಪ್ಪಿನ ಮಣ್ಣು. ಮುಸುಕಿನ ಜೋಳಕ್ಕೊಂದು ಜಾತ್ರೆಯನ್ನೂ ಮಾಡುತ್ತಾರಂತೆ. ಜೋಳ, ಹೊಗೆಸೊಪ್ಪು ಎರಡನ್ನೂ ನಂಬಿದ ಊರು ಅಂದಮೇಲೆ ನಮ್ಮ ತಾಲ್ಲೂಕಿನ ನೆಂಟರೇ. ದೇಶದ ಪಶ್ಚಿಮಕ್ಕಿರುವ ಸಾಂಟಾ ರೋಸಾ ದೆ ಕೋಪಾನ್‌ದು ಇನ್ನೂ ಹಳೆಯ ಕಥೆ. ಸ್ಪೇನಿನ ರಾಜನ ಕಡೆಯವರು ಅಲ್ಲಿ 1765ರಲ್ಲೇ ತಂಬಾಕಿನ ಕಾರ್ಖಾನೆ ತೆರೆದಿದ್ದರು. ಆದರೆ ಹೊಂಡುರಾಸ್ ಸಿಗಾರು ಲೋಕಕ್ಕೆಲ್ಲ ಗೊತ್ತಾದದ್ದು ಕ್ಯೂಬಾದ ದೆಸೆಯಿಂದ. 1959ರಲ್ಲಿ ಅಲ್ಲಿ ಕ್ರಾಂತಿಯಾಯಿತು. ತೋಟ, ಕಾರ್ಖಾನೆ ಸರ್ಕಾರದ ಪಾಲಾದವು. 1962ರಲ್ಲಿ ಅಮೆರಿಕಾ ಕ್ಯೂಬಾದ ಸರಕನ್ನೇ ನಿಷೇಧಿಸಿತು. ತೋಟ ಕಳೆದುಕೊಂಡ ಎಷ್ಟೋ ಬೆಳೆಗಾರರು ನೆರೆಯ ದೇಶಗಳಲ್ಲಿ ಮಣ್ಣು ಹುಡುಕಿಕೊಂಡು ಹೊರಟರು. ಕ್ಯೂಬಾದ ಬೀಜವೂ ಹಿಂದೆಯೇ ಹೋಯಿತು.

ಬೀಜ ಸಾಗಿಸುವುದೇನು ಕಷ್ಟ? ಹೊಗೆಸೊಪ್ಪಿನ ಬೀಜ ಕಂಡವರಿಗೆ ನಾನು ಹೇಳಬೇಕಿಲ್ಲ. ಅದರ ಮುಂದೆ ರಾಗಿ ಕಾಳು ಕಲ್ಲಂಗಡಿ. ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಜಾಸ್ತಿ ಬೀಜ. ಕೈಯಲ್ಲಿ ಸುಮ್ನೆ ಚೆಲ್ಲಿದರೆ ಒಂದೇ ಕಡೆ ಬೀಳುತ್ತದೆ ಅಂತ ಅಪ್ಪ ನೀರಿಗೆ ಬೆರೆಸಿ, ಪಾತಿಗೆ ತೂತುಮೂತಿಯ ನೀರಿನ ಕ್ಯಾನಿನಲ್ಲಿ ಹಾಕುತ್ತಿದ್ದ. ಒಂದು ದೇಶದ ಹೆಸರುವಾಸಿ ಬೆಳೆ ಒಂದು ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತದೆ.

ಡಾನ್ಲಿಯ ಸಿಗಾರಿನಲ್ಲಿ ನಮ್ಮವರೊಬ್ಬರ ಹೆಸರೂ ಇದೆ, ರಾಕಿ ಪಟೇಲ್. ಮೂಲ ಹೆಸರು ರಾಕೇಶ್. ಲಾಸ್ ಏಂಜಲೀಸ್‌ನಲ್ಲಿ ವಕೀಲರಾಗಿದ್ದವರು ಅದನ್ನು ಬಿಟ್ಟು 1990ರ ದಶಕದಲ್ಲಿ ಸಿಗಾರು ವ್ಯಾಪಾರಕ್ಕೆ ಇಳಿದರು. ಶುರುವಿನ ಬ್ರಾಂಡಿಗೆ ಇಟ್ಟ ಹೆಸರು ಇಂಡಿಯನ್ ಟಬ್ಯಾಕ್. ಪಟೇಲರು ಎಲ್ಲಿ ತಾನೇ ಅಂಗಡಿ ಇಟ್ಟಿಲ್ಲ!

ಸುತ್ತುವ ಕೆಲಸ ಮಾತ್ರ ಪೂರ್ತಿ ಕೈಯದು. ಇಬ್ಬರು ಜೋಡಿಯಾಗಿ ಕೂರುತ್ತಾರೆ. ಒಬ್ಬರು ಒಳಗಿನ ಸೊಪ್ಪನ್ನು ಮಡಿಸಿ ಜೋಡಿಸಿ, ಕಟ್ಟುವ ಎಲೆ ಸುತ್ತಿ, ಮರದ ಅಚ್ಚಿನಲ್ಲಿ ಒತ್ತಿಡುತ್ತಾರೆ. ಇನ್ನೊಬ್ಬರು, ಬಹಳ ಸಲ ಹೆಂಗಸರು, ಮೇಲಿನ ತೆಳು ಎಲೆಯನ್ನು ಓರೆಯಾಗಿ ಎಳೆದು ಸುತ್ತುತ್ತಾರೆ. ನನ್ನ ಹೆಂಡತಿ ಮಲೆನಾಡಿನವಳು. ಕೆಸುವಿನ ಎಲೆಯ ದಪ್ಪ ನರ ಹೆರೆದು, ಬೆನ್ನು ಮೇಲೆ ಮಾಡಿ ಹಾಸಿ, ಹಿಟ್ಟು ಸವರಿ ಪತ್ರೊಡೆ ಸುತ್ತುವಾಗ ನೋಡಬೇಕು. ಬಿಗಿಯಾದರೆ ಒಳಗೆ ಬೇಯಲ್ಲ, ಸಡಿಲವಾದರೆ ಬಿಚ್ಚಿಕೊಳ್ಳುತ್ತದೆ. ಸಿಗಾರೂ ಅಷ್ಟೇ. ಬಿಗಿಯಾದರೆ ಹೊಗೆ ಬಾರದು, ಸಡಿಲವಾದರೆ ಬುಸುಬುಸು ಉರಿದು ಬಾಯಿ ಸುಡುತ್ತದೆ. ಮೇಲಿನ ಎಲೆಯ ನಡುದಂಟು ತೆಗೆದರೆ ಎಡಗಡೆಯ ಅರ್ಧ, ಬಲಗಡೆಯ ಅರ್ಧ ಅಂತ ಎರಡಾಗುತ್ತದಲ್ಲ, ಎಡದ್ದನ್ನು ಒಂದು ದಿಕ್ಕಿಗೆ, ಬಲದ್ದನ್ನು ಇನ್ನೊಂದು ದಿಕ್ಕಿಗೆ ಸುತ್ತಬೇಕು. ಇದನ್ನು ಕೇಳಿ ನನ್ನ ಹೆಂಡತಿಗೆ ಸಿಗಾರಿನ ಮೇಲೆ ಮೊದಲ ಸಲ ಸ್ವಲ್ಪ ಗೌರವ ಬಂತು.

ಸಿಗಾರು ಅನ್ನುವ ಮಾತು ಮಧ್ಯ ಅಮೆರಿಕಾದ ಮಾಯಾ ಜನರ ‘ಸಿಕಾರ್’ ಎಂಬುದರಿಂದ ಬಂತು ಅನ್ನುತ್ತಾರೆ. ಇಂಗ್ಲಿಷರ ‘ಚೆರೂಟ್’ ಮಾತ್ರ ನಮ್ಮ ಕಡೆಯದು, ತಮಿಳಿನ ಸುರುಟ್ಟು. ಎಲೆ ಸುರುಟಿಕೊಂಡಿತು ಅಂತ ನಾವೂ ಹೇಳುತ್ತೇವಲ್ಲ, ಅದೇ. ಇನ್ನು ‘ಸೇದು’ ಅನ್ನುವುದಂತೂ ನಮ್ಮದೇ. ಬಾವಿಯಿಂದ ನೀರನ್ನೂ ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಸಿಗಾರಿಗೆ ಇದಕ್ಕಿಂತ ಸರಿಯಾದ ಮಾತು ಸಿಗದು. ಹಗ್ಗ ಜಗ್ಗಿದರೆ ಬಿಂದಿಗೆ ಗೋಡೆಗೆ ಬಡಿದು ಅರ್ಧ ನೀರು ಕೆಳಗೆ. ಇಲ್ಲೂ ನಿಮಿಷಕ್ಕೆ ಒಂದು ಸಲ, ಮೆಲ್ಲಗೆ. ಹೊಗೆಯನ್ನು ನುಂಗುವಂತಿಲ್ಲ. ಬಾಯಲ್ಲಿ ಇಟ್ಟು ಬಿಡುವುದು. ಹಾಗಂತ ಅಪಾಯವಿಲ್ಲ ಅಂದುಕೊಳ್ಳಬೇಡಿ, ನಿಕೋಟಿನ್ ಬಾಯಿಂದಲೇ ಮೈಗೆ ಇಳಿಯುತ್ತದೆ, ಬಾಯಿ ಕ್ಯಾನ್ಸರಿಗೆ ಚರ್ಚಿಲ್ಲೂ ಒಂದೇ ಚುಟ್ಟಾನೂ ಒಂದೇ. ವರ್ಷಕ್ಕೊಂದು ಅನ್ನುವ ಲೆಕ್ಕದಲ್ಲಿ ನಾನು ಸಮಾಧಾನ ಮಾಡಿಕೊಂಡೆ.

ಎರಡನೆಯದನ್ನು ಒಂದು ಭಾನುವಾರ ಸಂಜೆ ತಾರಸಿಯಲ್ಲಿ ಹಚ್ಚಿದೆ. ಹೊಸ ಬ್ಲೇಡಿನಲ್ಲಿ, ಸಿಗಾರಿನ ತಲೆಗೆ ಅಂಟಿಸಿದ ಎಲೆಯ ಟೋಪಿಯನ್ನಷ್ಟೇ ಕತ್ತರಿಸಿದೆ. ಬೆಂಕಿಕಡ್ಡಿ ಗೀರಿ, ಮದ್ದೆಲ್ಲ ಉರಿದುಹೋಗುವ ತನಕ ಕಾದು, ತುದಿಯನ್ನು ಜ್ವಾಲೆಗೆ ತಾಗಿಸದೆ ತಿರುಗಿಸುತ್ತಾ ಬಿಸಿ ಮಾಡಿದೆ. ಹಪ್ಪಳ ಸುಡುವ ಹಾಗೆ. ಮೊದಲ ಹತ್ತು ನಿಮಿಷ ಏನೂ ಇಲ್ಲ. ಬಿಸಿ ಗಾಳಿ. ಸಿಗಾರು ಬಲ್ಲವರು ಜೇನು, ಚರ್ಮ, ಏಲಕ್ಕಿ, ಒದ್ದೆ ಮಣ್ಣು ಅಂತ ಪಟ್ಟಿ ಮಾಡುತ್ತಾರೆ. ನನಗೆ ಕಂಡದ್ದು ಎರಡೇ. ಬಾಣಲೆಯಲ್ಲಿ ಹುರಿಯುವ ಗೋಡಂಬಿ, ಮತ್ತೆ ಬಡಗಿ ಬಂದುಹೋದ ಮೇಲೆ ಮನೆಯಲ್ಲಿ ಉಳಿಯುವ ಹೊಸ ಹಲಗೆಯ ವಾಸನೆ. ಅದೂ ನಾನಾಗಿ ಹುಡುಕಿದರೆ ಸಿಗುತ್ತಿತ್ತು, ಫೋನು ನೋಡಿದರೆ ಮಾಯ.

ಬೂದಿ ಚೆಂದ. ಬೆಳ್ಳಗೆ, ಬಳೆ ಬಳೆಯಾಗಿ, ಒಂದಿಂಚು ಬೆಳೆದರೂ ಬೀಳಲಿಲ್ಲ. ಒಳಗೆ ಪುಡಿಯಲ್ಲ, ಉದ್ದುದ್ದ ಎಲೆಯೇ ಇರುವುದರಿಂದ ಹಾಗೆ. ಎದುರುಮನೆಯ ಹುಡುಗ ಗಾಳಿಪಟ ಹಾರಿಸುತ್ತಿದ್ದ. ಕೆಳಗೆ ಸೊಪ್ಪಿನವಳು ಬಂದು ಹೋದಳು. ಮುಕ್ಕಾಲು ಗಂಟೆಯಾದರೂ ಅರ್ಧವೂ ಮುಗಿದಿರಲಿಲ್ಲ. ಆಗ ಮೆಟ್ಟಿಲಲ್ಲಿ ಕೆಮ್ಮು ಕೇಳಿಸಿತು.

ಅಪ್ಪ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಊರಿಂದ ಬಂದು ವಾರವಾಗಿತ್ತು. ಮಲಗಿದ್ದಾನೆ ಅಂದುಕೊಂಡಿದ್ದೆ. ನನಗೆ ಐವತ್ತೆರಡು ವರ್ಷ, ಮಗಳ ಮದುವೆ ಮಾಡಿದ್ದೇನೆ. ಆದರೂ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಒಂದಿಂಚಿನ ಬೂದಿ ಪಂಚೆಯ ಮೇಲೆ ಬಿತ್ತು.

‘ತತ್ತಾ ಇಲ್ಲಿ’ ಅಂದ.

ಕೊಟ್ಟೆ. ಅಪ್ಪ ಬಾಯಿಗೆ ಇಡಲಿಲ್ಲ. ಐವತ್ತು ವರ್ಷ ಹೊಗೆಸೊಪ್ಪು ಬೆಳೆದವನು ಒಂದು ದಿನ ಸೇದಿದವನಲ್ಲ. ಬೆಳಕಿಗೆ ಹಿಡಿದು, ಹೊಸ ಕಣ್ಣಲ್ಲಿ ಉದ್ದಕ್ಕೂ ನೋಡಿದ. ಉಗುರಲ್ಲಿ ಅಂಚು ಸವರಿದ. ಹರಾಜು ಕಟ್ಟೆಯಲ್ಲಿ ಬೇಲು ಬಿಚ್ಚಿದಾಗ ಮಾಡುವ ಮುಖವೇ ಅದು. ‘ಒಂದು ಚುಕ್ಕೆ ಇಲ್ಲ ಕಣ್ಲಾ. ಇಂಥಾ ಸೊಪ್ಪ ಸುಡ್ತಾ ಕೂತಿದ್ದೀಯಲ್ಲ’ ಅಂದ. ಬೈದದ್ದು ಸೇದಿದ್ದಕ್ಕಲ್ಲ, ಸೊಪ್ಪು ಹಾಳಾಗುತ್ತಿದೆ ಅಂತ.

ಊರಿಗೆ ಹೊರಡುವಾಗ ಮೂರನೆಯದನ್ನು ಕೇಳಿ ಇಸ್ಕೊಂಡ. ಬಸ್ಸಿನಲ್ಲಿ ಮುರಿಯದಿರಲಿ ಅಂತ ಕನ್ನಡಕದ ಡಬ್ಬಿಗೆ ಹಾಕಲು ಹೋದರೆ, ಏಳು ಇಂಚು ಎಲ್ಲಿ ಹಿಡಿಸಬೇಕು? ದಿನಪತ್ರಿಕೆಯಲ್ಲಿ ಸುತ್ತಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ನಾಲ್ಕು ದಿನ ಬಿಟ್ಟು ಫೋನ್ ಮಾಡಿದೆ. ‘ಏನಪ್ಪಾ, ಸೇದಿದ್ಯಾ?’

‘ಸೇದೋದ್ಯಾಕೆ? ನೀರು ಚಿಮುಕಿಸಿ ಬಿಚ್ಚಿ ನೋಡ್ದೆ. ಜಗಲಿ ಮೇಲೆ ಎಲ್ಲಾ ಹಾಸಿವ್ನಿ. ಒಂದರಲ್ಲೂ ದಂಟು ಬಿಟ್ಟಿಲ್ಲ ಕಣ್ಲಾ, ಒಳ್ಳೇ ಕೆಲಸಗಾರರು. ಮೇಲ್ಗಡೆ ಎಲೆ ನೆರಳಲ್ಲಿ ಬೆಳ್ದದ್ದು. ತುದಿ ಸೊಪ್ಪು ಒಂದೇ ಒಂದು ತುಂಡು ಹಾಕವ್ರೆ. ಮಿಕ್ಕಿದ್ದು ನಡೂದು, ಬುಡದ್ದು. ಬುಡದ ಸೊಪ್ಪೇ ಜಾಸ್ತಿ. ಅದ್ಕೇ ನಿಂಗೆ ತಲೆ ಸುತ್ತಿಲ್ಲ.’

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಬುಡದ ಸೊಪ್ಪಿಗೆ ಅಲ್ಲಿ ಏನು ರೇಟು ಕೊಡ್ತಾರಂತೆ?’