ಬ್ರೇಕಿಗೂ ಸನ್‌ರೂಫಿಗೂ ಏನು ಸಂಬಂಧ?

ಈಗಷ್ಟೇ ಷೋರೂಮಿನಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನಮ್ಮ ಹಳೇ ಕಾರು ನಿಮಗೆಲ್ಲ ಗೊತ್ತೇ ಇದೆ. ನಿಮ್ಮಲ್ಲಿ ಅರ್ಧ ಜನ ಅದರಲ್ಲಿ ಕೂತು ಬಂದವರೇ. ಹದಿನಾಲ್ಕು ವರ್ಷ ಓಡಿತು. ಹೋದ ವಾರ ಇದ್ದಕ್ಕಿದ್ದಂತೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಬದಿಗೆ ನಿಲ್ಲಿಸುವಷ್ಟರಲ್ಲಿ ಬಾನೆಟ್ಟಿನಿಂದ ಆವಿ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬೇರೇನೂ ಬಿಚ್ಚಲಿಲ್ಲ. ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಮೈ ನನಗೆ ತೋರಿಸಿದರು. ಹಾಲು ಜಾಸ್ತಿಯಾದ ಕಾಫಿ ಬಣ್ಣದ ಲೋಳೆ ಮೆತ್ತಿಕೊಂಡಿತ್ತು. "ಆಯಿಲ್‌ಗೆ ನೀರು ಸೇರಿದೆ ಸಾರ್. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ಡೂ ಬೆಂಡಾಗಿರಬೇಕು" ಅಂದರು. ಹೆಡ್ ಅಂದರೆ ಎಂಜಿನ್ನಿನ ಮೇಲ್ಭಾಗ; ಅದರ ಕೆಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ತೆಳು ಹಾಳೆಯೇ ಗ್ಯಾಸ್ಕೆಟ್. ರಿಪೇರಿ ಖರ್ಚು ಗಾಡಿಯ ಬೆಲೆಗಿಂತ ಜಾಸ್ತಿ. ಅಲ್ಲಿಗೆ ಮುಗಿಯಿತು.

ಸರಿ, ಹೊಸದು ನೋಡೋಣ ಅಂತ ಹೊರಟೆ. ನನಗೆ ಬೇಕಾಗಿದ್ದು ಮೂರೇ. ಗಾಡಿ ಜಾರಿದರೆ ಹಿಡಿದುಕೊಳ್ಳುವ ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್. ಪಕ್ಕದಿಂದ ಗುದ್ದಿದರೂ ಕಾಯುವಷ್ಟು ಏರ್‌ಬ್ಯಾಗು. ಹಿಂದಿನ ನಡುವಿನ ಸೀಟಿಗೂ ಭುಜದ ಮೇಲಿಂದ ಬರುವ ಬೆಲ್ಟು.

ಷೋರೂಮಿನ ಹುಡುಗ ಇಪ್ಪತ್ತು ನಿಮಿಷ ದೊಡ್ಡ ಸ್ಕ್ರೀನ್ ತೋರಿಸಿದ. ಬಾಗಿಲ ಒಳಗಿನ ಬಣ್ಣದ ದೀಪ ತೋರಿಸಿದ. ಸನ್‌ರೂಫ್ ಮೂರು ಸಲ ತೆಗೆದು ಮುಚ್ಚಿದ. ನಾನು ಕೇಳಿದೆ, "ಬೇಸ್ ಮಾಡೆಲ್‌ನಲ್ಲಿ ಇಎಸ್‌ಸಿ ಇದೆಯಾ?" ಅವನಿಗೆ ಗೊತ್ತಿರಲಿಲ್ಲ. ಅದು ಅವನ ತಪ್ಪಲ್ಲ, ಅವನಿಗೆ ಕಲಿಸಿದವರ ತಪ್ಪು. ಇಬ್ಬರೂ ಸೇರಿ ಬ್ರೋಷರ್ ತಿರುವಿದೆವು. ಕೊನೇ ಪುಟದಲ್ಲಿ ಇರುವೆಯಂಥ ಅಕ್ಷರದ ಒಂದು ಪಟ್ಟಿ. ಇಎಸ್‌ಸಿ ಸಾಲಿನಲ್ಲಿ ಮೊದಲ ಮೂರು ವೇರಿಯಂಟಿಗೂ ಅಡ್ಡಗೆರೆ. ನಾಲ್ಕನೆಯದಕ್ಕೆ ಮಾತ್ರ ಟಿಕ್ ಗುರುತು. ಅದೇ ಟಾಪ್ ಎಂಡ್. ಸನ್‌ರೂಫ್ ಇರುವುದೂ ಅದರಲ್ಲೇ.

ಅಂದರೆ ನನ್ನ ಮಗಳು ಜೋಪಾನವಾಗಿ ಮನೆ ಸೇರಬೇಕಾದರೆ ನಾನು ಸನ್‌ರೂಫಿಗೂ ದುಡ್ಡು ಕೊಡಬೇಕು!

ಇಎಸ್‌ಸಿ ಮಾಡುವ ಕೆಲಸ ತುಂಬಾ ದೊಡ್ಡದು. ನೀವು ಸ್ಟೀರಿಂಗ್ ಎಷ್ಟು ತಿರುಗಿಸಿದಿರಿ ಅಂತ ಒಂದು ಸೆನ್ಸರ್ ನೋಡುತ್ತಿರುತ್ತದೆ. ಗಾಡಿ ನಿಜವಾಗಿ ಎಷ್ಟು ತಿರುಗುತ್ತಿದೆ ಅಂತ ಇನ್ನೊಂದು ನೋಡುತ್ತಿರುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಗಾಡಿ ಜಾರುತ್ತಿದೆ ಅಂತ ಅರ್ಥ. ಆಗ ಯಾವ ಚಕ್ರಕ್ಕೆ ಬೇಕೋ ಅದೊಂದಕ್ಕೇ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುತ್ತದೆ. ಒಂದೇ ಚಕ್ರಕ್ಕೆ ಬ್ರೇಕ್ ಹಾಕುವುದು ಯಾವ ಡ್ರೈವರ್ ಕೈಲೂ ಆಗದ ಮಾತು. ನಮಗಿರುವುದು ಒಂದೇ ಪೆಡಲ್ ಅಲ್ವಾ? ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಕಾರಿನಲ್ಲಿ ಇದಕ್ಕೆ ಬೇಕಾದ ಚಕ್ರದ ಸೆನ್ಸರ್‌ಗಳು ಆಗಲೇ ಇರುತ್ತವೆ. ಹೀಗಿದ್ದೂ ಅಡ್ಡಗೆರೆ ಎಳೆಯುತ್ತಾರೆ.

ಇದು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಕಾರಿನ ಬಿಡಿಭಾಗ ಮಾಡುವ ಬಾಷ್ ಕಂಪನಿ ಮತ್ತು ಮರ್ಸಿಡಿಸ್ ಸೇರಿ 1995ರಲ್ಲೇ ದುಬಾರಿ ಕಾರಿಗೆ ಹಾಕಿದ್ದರು. 1997ರಲ್ಲಿ ಸ್ವೀಡನ್ನಿನ ಒಂದು ಪತ್ರಿಕೆಯವರು ಮರ್ಸಿಡಿಸ್‌ನ ಪುಟ್ಟ ಎ-ಕ್ಲಾಸ್ ಕಾರನ್ನು ಪರೀಕ್ಷೆ ಮಾಡಿದರು. ರಸ್ತೆಗೆ ಪ್ರಾಣಿ ಅಡ್ಡ ಬಂದರೆ ತಪ್ಪಿಸುತ್ತೇವಲ್ಲ, ಹಾಗೆ ಸರಕ್ಕನೆ ಎಳೆದು ನೋಡುವ ಪರೀಕ್ಷೆ. ಕಾರು ಮಗುಚಿಬಿತ್ತು. ಆಮೇಲೆ ಕಂಪನಿ ಆ ಸಣ್ಣ ಕಾರಿನಲ್ಲೂ ಇಎಸ್‌ಸಿಯನ್ನು ಎಲ್ಲರಿಗೂ ಕೊಟ್ಟಿತು. ಅಮೆರಿಕದಲ್ಲಿ 2012ರ ಮಾಡೆಲ್‌ಗಳಿಂದ, ಯುರೋಪ್ ಒಕ್ಕೂಟದಲ್ಲಿ 2014ರ ನವೆಂಬರ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಅದಕ್ಕೂ ಎಷ್ಟೋ ಮೊದಲು, 1959ರಲ್ಲಿ, ವೋಲ್ವೊದ ಎಂಜಿನಿಯರ್ ನಿಲ್ಸ್ ಬೋಲಿನ್ ನಾವು ಇವತ್ತು ಹಾಕಿಕೊಳ್ಳುವ ಬೆಲ್ಟ್ ಮಾಡಿದಾಗ ಕಂಪನಿ ಆ ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಜೀವ ಉಳಿಸುವ ವಸ್ತುವನ್ನು ಹಾಗೂ ಕೊಡಬಹುದು!

ಗೆಳೆಯನೊಬ್ಬ ಹೇಳಿದ, "ನಿಧಾನಕ್ಕೆ ಓಡಿಸಿದರೆ ಇದ್ಯಾವುದೂ ಬೇಡ. ಇಷ್ಟು ವರ್ಷ ಇಲ್ಲದೆ ಓಡಿಸಿಲ್ವಾ?" ಓಡಿಸಿದ್ದೇನೆ. ನಿಧಾನಕ್ಕೇ ಓಡಿಸಿದ್ದೇನೆ. ಆದರೆ ಎದುರು ಬರುವವನ ವೇಗ ನನ್ನ ಕೈಲಿಲ್ಲ. ರಸ್ತೆಯ ಮೇಲೆ ಚೆಲ್ಲಿದ ಡೀಸೆಲ್ ನನ್ನ ಕೈಲಿಲ್ಲ.

ಇದನ್ನು ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಮಳೆಯಲ್ಲಿ, ಒಂದು ತಿರುವಿನಲ್ಲಿ, ನಮ್ಮ ಹಳೇ ಕಾರಿನ ಹಿಂಭಾಗ ಜಾರಿತು. ವೇಗ ಜಾಸ್ತಿ ಇರಲಿಲ್ಲ. ಗಾಡಿ ಅಡ್ಡ ತಿರುಗಿ ಎದುರಿನ ಸಾಲಿನಲ್ಲಿ ನಿಂತಿತು. ಆ ಹೊತ್ತಿಗೆ ಯಾರೂ ಬರಲಿಲ್ಲ, ಅಷ್ಟೇ. ಹಿಂದೆ ಮಗಳು ನಡುವಿನ ಸೀಟಿನಲ್ಲಿದ್ದಳು, ಬರೀ ಸೊಂಟದ ಬೆಲ್ಟಿನಲ್ಲಿ. "ಅಪ್ಪಾ, ನಾವು ಯಾಕೆ ತಿರುಗಿದ್ವಿ?" ಅಂತ ಕೇಳಿದಳು. ಸ್ಟೀರಿಂಗ್‌ನಿಂದ ಕೈ ತೆಗೆಯಲು ನನಗೆ ಆಗಲಿಲ್ಲ. ಆ ಕಾರು ಕೊಳ್ಳುವಾಗ ಏರ್‌ಬ್ಯಾಗ್ ಇರುವ ವೇರಿಯಂಟ್ ಬಿಟ್ಟು, ಉಳಿದ ದುಡ್ಡಿನಲ್ಲಿ ಅಲಾಯ್ ವೀಲು, ಮ್ಯೂಸಿಕ್ ಸಿಸ್ಟಮ್ ಹಾಕಿಸಿದವನು ನಾನೇ. ಆ ಲೆಕ್ಕ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಂಡರೆ ಅದೇ ದುಡ್ಡಿಗೆ ಟಾಪ್ ಎಂಡ್ ಸಿಗುತ್ತದೆ ಅಂದರು ಕೆಲವರು. ಅದನ್ನೂ ನೋಡಿದೆ. ಅಲ್ಲಿ ನೋಡಬೇಕಾದ್ದು ಬೇರೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಒಮ್ಮೆ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಅದರಲ್ಲಿ ಕೈಯಾಡಿಸಿರಬಹುದು. ನಾನು ನೋಡಿದ ಎರಡನೇ ಕಾರಿನಲ್ಲಿ ಹತ್ತಲಿಲ್ಲ. ಅದರ ಟೈರಿನಲ್ಲಿ 2317 ಅಂತ ಇತ್ತು, ಅಂದರೆ 2017ರ ಇಪ್ಪತ್ಮೂರನೇ ವಾರದಲ್ಲಿ ತಯಾರಾದದ್ದು. ಮಾರುವವರು ಟೈರ್ ಹೊಸದು ಅಂತಿದ್ದರು. ಮಾತಾಡದೆ ಬಂದುಬಿಟ್ಟೆ.

ಇವತ್ತು ಸಂಜೆ ಇನ್ನೊಂದು ಷೋರೂಮಿಗೂ ಹೋಗಿದ್ದೆ. ಕಾರು ಸ್ವಲ್ಪ ಚಿಕ್ಕದು. ಸ್ಕ್ರೀನೂ ಚಿಕ್ಕದು, ಏಸಿಗೆ ತಿರುಗಿಸುವ ಗುಂಡಿಗಳೇ ಇವೆ. ಪಟ್ಟಿಯಲ್ಲಿ ಇಎಸ್‌ಸಿ ಮುಂದೆ, ಆರು ಏರ್‌ಬ್ಯಾಗ್ ಮುಂದೆ, ಬೇಸ್ ಮಾಡೆಲ್‌ನಿಂದಲೇ ಟಿಕ್ ಗುರುತು. ನಾನು ಹಿಂದೆ ಹೋಗಿ ನಡುವಿನ ಸೀಟಿನಲ್ಲಿ ಕೂತೆ. ಬೆಲ್ಟ್ ಭುಜದ ಮೇಲಿಂದ ಬಂತು. ಎಳೆದು ಹಾಕಿಕೊಂಡೆ, ಟಕ್ಕಂತ ಕೂತಿತು. ಸುಮ್ನೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ನಾಳೆ ಬೆಳಿಗ್ಗೆ ಟೆಸ್ಟ್ ಡ್ರೈವ್. ಮಗಳೂ ಬರುತ್ತಾಳೆ.