‘ಏನು ಹಾಕಬೇಕು?’ ಅಲ್ಲ, ‘ಯಾವಾಗ ನೆಟ್ಟಿರಿ?’

ಇಂಗ್ಲೆಂಡಿನಲ್ಲಿ ಹಿತ್ತಿಲು ಮಾಡಿಕೊಂಡಿರುವ ನಮ್ಮವರು ಈರುಳ್ಳಿ ಗಿಡದ ಫೋಟೋ ಕಳಿಸಿದರೆ ಜೊತೆಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಇದಕ್ಕೆ ಏನು ಹಾಕಬೇಕು?’ ಗಡ್ಡೆ ಕಟ್ಟಲಿಲ್ಲ, ಏನು ಹಾಕಬೇಕು? ಹೂದಂಟು ಬಂತು, ಏನು ಹಾಕಬೇಕು? ಇಲ್ಲಿನ ಅಲಾಟ್‌ಮೆಂಟಿನಲ್ಲಿ, ಅಂದರೆ ತರಕಾರಿ ಬೆಳೆದುಕೊಳ್ಳಲು ಊರಿನ ಕೌನ್ಸಿಲ್ ಬಾಡಿಗೆಗೆ ಕೊಡುವ ತುಂಡು ನೆಲದಲ್ಲಿ, ಪಕ್ಕದ ಹಿರಿಯರಿಗೆ ಅದೇ ಗಿಡ ತೋರಿಸಿದರೆ ಅವರು ಕೇಳುವುದು ಬೇರೆ: ‘ಯಾವ ತಳಿ? ಯಾವಾಗ ನೆಟ್ಟಿರಿ?’ ಗದಗ ಸೀಮೆಯ ಎರೆಹೊಲಗಳನ್ನು ನೋಡಿಕೊಂಡು ಬೆಳೆದವನಿಗೆ ಈರುಳ್ಳಿಯ ವಿಷಯದಲ್ಲಿ ಇಂಗ್ಲಿಷರಿಗೆ ತಲೆಬಾಗುವುದು ಸುಲಭವಲ್ಲ. ಆದರೂ ಅವರ ಪ್ರಶ್ನೆಯೇ ಸರಿ ಎಂಬುದು ನನ್ನ ಅನಿಸಿಕೆ. ಈ ಬೆಳೆಯ ತೊಂದರೆಗಳಲ್ಲಿ ಬಹಳಷ್ಟು ರೋಗವೇ ಅಲ್ಲ, ತಿಥಿ ತಪ್ಪಿದ್ದು.

ಗಡ್ಡೆಯ ವಿಷಯವನ್ನೇ ನೋಡಿ. ಗಡ್ಡೆ ಕಟ್ಟಲು ಗಿಡಕ್ಕೆ ಅಪ್ಪಣೆ ಕೊಡುವುದು ಗೊಬ್ಬರವಲ್ಲ, ಹಗಲಿನ ಉದ್ದ. ಕಾವು ಅದಕ್ಕೆ ನೆರವಾಗುತ್ತದೆ. ನಮ್ಮ ಬಳ್ಳಾರಿ ಕೆಂಪು, ತೆಲಗಿ ಕೆಂಪು, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್, ಇವೆಲ್ಲ 11–12 ತಾಸಿನ ಹಗಲು ಸಿಕ್ಕರೆ ಸಾಕು ಎನ್ನುವ ತಳಿಗಳು. ಗದಗಿನಲ್ಲಿ ವರ್ಷದ ಅತಿ ದೊಡ್ಡ ಹಗಲು 13 ತಾಸಿನ ಆಸುಪಾಸು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು 16 ತಾಸು ಮೀರುತ್ತದೆ. ಇಲ್ಲಿ ಮಾರ್ಚಿನಲ್ಲಿ ಬಳ್ಳಾರಿ ಬೀಜ ಬಿತ್ತಿದರೆ, ಅದು ನಾಲ್ಕೆಲೆ ಬಿಡುವ ಹೊತ್ತಿಗೆ ಹಗಲು ಅದರ ಲೆಕ್ಕವನ್ನು ಎಂದೋ ದಾಟಿರುತ್ತದೆ. ಈರುಳ್ಳಿಯಲ್ಲಿ ಒಂದೊಂದು ಎಲೆಯ ಬುಡವೇ ಗಡ್ಡೆಯ ಒಂದೊಂದು ಪದರ; ನಾಲ್ಕೆಲೆಯ ಗಿಡ ಆತುರಪಟ್ಟು ಕಟ್ಟುವ ಗಡ್ಡೆ ಗೋಲಿಗಿಂತ ದೊಡ್ಡದಾಗುವುದಾದರೂ ಹೇಗೆ? ಇದಕ್ಕೆ ಯೂರಿಯಾ ಸುರಿದರೆ ಸೊಪ್ಪಷ್ಟೇ ಮುಖ ಅರಳಿಸೀತು. ಇಲ್ಲಿನ ಸ್ಟರಾನ್, ರೆಡ್ ಬ್ಯಾರನ್ ತಳಿಗಳು 14 ತಾಸಿಗಿಂತ ಉದ್ದದ ಹಗಲಿಗೆ ಕಾಯುತ್ತವೆ. ಅವನ್ನು ರೋಣದಲ್ಲಿ ಊರಿದರೆ ಕೊನೆಯವರೆಗೂ ಸೊಪ್ಪಾಗಿಯೇ ಉಳಿದಾವು.

ಊರಿನ ರುಚಿ ಬೇಕೆಂದು ಸೂಟ್‌ಕೇಸಿನಲ್ಲಿ ಬೀಜ ತರುವವರಿಗೆ ಇನ್ನೊಂದು ಮಾತು: ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಭಾರತದಿಂದ ಬಿತ್ತನೆ ಬೀಜ ತರಲು ಇಲ್ಲಿ ಕಾನೂನಿನ ಅನುಮತಿಯಿಲ್ಲ. ಬೇಗ ಬರುವ ಬೆಳೆಯೇ ಬೇಕಿದ್ದರೆ ಸೆನ್‌ಶ್ಯೂ ಎಂಬ ಜಪಾನಿ ತಳಿಯನ್ನು ಸೆಪ್ಟೆಂಬರಿನಲ್ಲಿ ನೆಡಬಹುದು. ಚಳಿಗಾಲವನ್ನು ಮಣ್ಣಿನಲ್ಲೇ ಕಳೆದು ಜೂನಿಗೆ ಗಡ್ಡೆ ಕೊಡುತ್ತದೆ.

ಹೂದಂಟಿನದೂ ಇಂಥದೇ ಕಥೆ. ಈರುಳ್ಳಿ ಎರಡು ವರ್ಷದ ಗಿಡ. ಸ್ವಲ್ಪ ಬಲಿತ ಮೇಲೆ ಹಲವು ವಾರ ಚಳಿ ತಿಂದರೆ ವರ್ಷವೊಂದು ಕಳೆಯಿತೆಂದು ನಂಬಿ ಹೂ ಬಿಡಲು ಹೊರಡುತ್ತದೆ. ನಮ್ಮವರು ಇಲ್ಲಿನ ಅಂಗಡಿಯಲ್ಲಿ ಸೆಟ್, ಅಂದರೆ ಹಿಂದಿನ ವರ್ಷದ ಕಿರುಗಡ್ಡೆ, ಆರಿಸುವಾಗ ದಪ್ಪನೆಯದಕ್ಕೇ ಕೈ ಹಾಕುತ್ತಾರೆ. ಕೊಟ್ಟ ದುಡ್ಡಿಗೆ ಮೋಸವಾಗಬಾರದಲ್ಲ! ಹೂದಂಟು ಹೆಚ್ಚಾಗಿ ಏಳುವುದು ಆ ದಪ್ಪ ಸೆಟ್ಟುಗಳಲ್ಲೇ. ಸಣ್ಣವನ್ನು ಆರಿಸುವುದು, ಇಲ್ಲವೇ ಶಾಖೋಪಚಾರ ಮಾಡಿದ, ಅಂದರೆ ಹೂದಂಟು ಏಳದಂತೆ ಮೊದಲೇ ಕಾವಿನಲ್ಲಿಟ್ಟ ಸೆಟ್ಟನ್ನೇ ಕೇಳಿ ಕೊಳ್ಳುವುದು ಒಳ್ಳೆಯದು. ದಂಟು ಬಂದ ಮೇಲೆ ಚಿವುಟಿದರೂ ಒಳಗಿನ ಗಟ್ಟಿ ತಿರುಳು ಹೋಗುವುದಿಲ್ಲ. ಆ ಗಡ್ಡೆಯನ್ನು ಮೊದಲು ಅಡುಗೆಗೆ ಬಳಸಬೇಕು, ಕೂಡಿಡಬಾರದು.

ನಿಜವಾದ ರೋಗಗಳಲ್ಲಿ ಇಲ್ಲಿ ಹೆದರಬೇಕಾದದ್ದು ಬಿಳಿ ಕೊಳೆ. ಎಲೆ ಹಳದಿಯಾಗುತ್ತದೆ, ಗಿಡ ಕಿತ್ತರೆ ಬೇರಿನ ಬುಡಕ್ಕೆ ಹತ್ತಿಯಂಥ ಬೂಷ್ಟು, ಅದರಲ್ಲಿ ಗಸಗಸೆ ಗಾತ್ರದ ಕಪ್ಪು ಕಾಳುಗಳು. ಆ ಕಾಳುಗಳು ಮಣ್ಣಿನಲ್ಲಿ 15 ವರ್ಷದವರೆಗೂ ಜೀವ ಹಿಡಿದಿರಬಲ್ಲವು. ಮನೆತೋಟದವರಿಗೆಂದು ಮಾರುವ ಔಷಧಿ ಯಾವುದೂ ಇಲ್ಲಿಲ್ಲ. ‘ಏನು ಹಾಕಬೇಕು’ ಎಂಬವರಿಗೆ ಇದನ್ನು ಒಪ್ಪಿಸುವಷ್ಟರಲ್ಲಿ ಸಾಕಾಗುತ್ತದೆ. ಹಾಕುವುದಕ್ಕೇನೂ ಇಲ್ಲ, ಕಿತ್ತು ಕೌನ್ಸಿಲ್ಲಿನ ಕಸಕ್ಕೆ ಕೊಡಬೇಕು, ಕಾಂಪೋಸ್ಟಿಗೆ ಸೇರಿಸಬಾರದು, ಬೂಟು ತೊಳೆಯಬೇಕು, ಆ ಮಡಿಯಲ್ಲಿ ಬೆಳ್ಳುಳ್ಳಿಯನ್ನೂ ನೆಡಬಾರದು. ಪಕ್ಕದ ಮಡಿಯವರು ಯಾವ ವರ್ಷ ಎಲ್ಲಿ ಏನು ನೆಟ್ಟರೆಂದು ಪುಸ್ತಕದಲ್ಲಿ ಬರೆದಿಡುವುದನ್ನು ಕಂಡು ನಗುವವರಿದ್ದಾರೆ. ಇಂಥ ರೋಗದೆದುರು ಆ ಪುಸ್ತಕದಷ್ಟು ಉಪಯೋಗದ್ದು ಬೇರೊಂದಿಲ್ಲ. ಥ್ರಿಪ್ಸ್ ನುಸಿಯದು ಇಷ್ಟು ದೊಡ್ಡ ವಿಷಯವಲ್ಲ: ಒಣ ಹವೆಯಲ್ಲಿ ಎಲೆಯ ಮೇಲೆ ಬೆಳ್ಳಿ ಗೀರು ಕಂಡರೆ ಎಲೆಸಂದಿಗೆ ಜೋರಾಗಿ ನೀರು ಬಿಟ್ಟರೆ ಹಿತ್ತಿಲಿನ ಮಟ್ಟಿಗೆ ಸಾಕು.

ಇಲ್ಲಿಯವರದ್ದೆಲ್ಲ ಸರಿ ಎಂದೇನೂ ಅಲ್ಲ. ಗಡ್ಡೆಯ ಗಾತ್ರದ ಹುಚ್ಚು ಇವರಿಗೆ ವಿಪರೀತ. 2023ರಲ್ಲಿ ಹ್ಯಾರೊಗೇಟ್ ಪ್ರದರ್ಶನದಲ್ಲಿ ಸುಮಾರು 9 ಕಿಲೋ ತೂಗಿದ ಈರುಳ್ಳಿಯೊಂದು ವಿಶ್ವದಾಖಲೆ ಮಾಡಿತು. ಅಂಥದ್ದನ್ನು ಹೆಚ್ಚಿದರೆ ಕಣ್ಣಲ್ಲಿ ಒಂದು ಹನಿಯಾದರೂ ಬಂದೀತೇ ಎಂಬುದು ನನ್ನ ಅನುಮಾನ. ಕೊಯ್ಲಿಗೆ ಮುಂಚೆ ಎಲೆಗಳನ್ನು ಕೈಯಾರೆ ಬಗ್ಗಿಸಿ ಮಲಗಿಸುವ ಹಳೆಯ ಚಾಳಿಯೂ ಇವರಲ್ಲಿ ಪೂರ್ತಿ ಹೋಗಿಲ್ಲ. ನಮ್ಮ ಮುಂಗಾರು ಬೆಳೆಯಲ್ಲಿ ಅದಕ್ಕೊಂದು ಕಾರಣವಿದೆ: ತೇವಕ್ಕೆ ಸೊಪ್ಪು ಹಸಿರಾಗಿಯೇ ನಿಂತು ಕುತ್ತಿಗೆ, ಅಂದರೆ ಗಡ್ಡೆಯೂ ಎಲೆಯೂ ಕೂಡುವ ಭಾಗ, ತಾನಾಗಿ ಬೀಳುವುದಿಲ್ಲ, ಹಾಗಾಗಿ ಕೀಳುವ ಎರಡು ಮೂರು ದಿನ ಮುಂಚೆ ಹಗುರವಾದ ಡ್ರಮ್ಮು ಉರುಳಿಸಿ ಬೀಳಿಸುವುದುಂಟು. ಇಲ್ಲಿ ಜುಲೈ–ಆಗಸ್ಟಿನಲ್ಲಿ ಗಿಡ ತಾನೇ ಮಲಗುತ್ತದೆ. ಮುರಿದರೆ ಗಾಯದ ದಾರಿಯಲ್ಲಿ ಕುತ್ತಿಗೆ ಕೊಳೆ ಎಂಬ ರೋಗ ಒಳಹೊಕ್ಕು, ಅಟ್ಟದ ಮೇಲಿಟ್ಟ ಗಡ್ಡೆ ಕ್ರಿಸ್ಮಸ್ ಹೊತ್ತಿಗೆ ಮೆತ್ತಗಾಗುತ್ತದೆ. ಕುತ್ತಿಗೆ ದಪ್ಪಗಾಗಿ ಒಣಗದೆ ಉಳಿದರೆ ಅದಕ್ಕೆ ಹೆಚ್ಚಾಗಿ ಕಾರಣ ತಡವಾಗಿ ಕೊಟ್ಟ ಸಾರಜನಕ. ಗಡ್ಡೆ ಉಬ್ಬಲು ತೊಡಗಿದ ಮೇಲೆ ಗೊಬ್ಬರದ ಚೀಲ ಕಟ್ಟಿಡಬೇಕು.

ಇನ್ನು ಬಲಿಯದೇ ಹೋದ ಗಿಡಗಳನ್ನು ಇವರು ಸೊಪ್ಪುಸಮೇತ ಕಾಂಪೋಸ್ಟಿಗೆ ಎಸೆಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ರೋಗವಿಲ್ಲದ ಈರುಳ್ಳಿ ಸೊಪ್ಪು, ಮೇಲೊಂದಿಷ್ಟು ಕಡಲೆಹಿಟ್ಟು, ಸಾಸಿವೆ ಒಗ್ಗರಣೆ, ಕೆಂಪು ಖಾರ. ಪಕ್ಕದ ಮಡಿಯವರಿಗೆ ರೊಟ್ಟಿಯೊಂದಿಗೆ ಕೊಟ್ಟು ನೋಡಿದೆ. ಬರೆದಿಡುವ ಪುಸ್ತಕಕ್ಕೆ ಆ ಪಲ್ಯದ ವಿಧಾನವೂ ಸೇರಿತು.